ಕೋಡಿಂಬಾಳದ ಕಪ್ಪೆಬಾಯಿ ಹಕ್ಕಿ

ಕಡಬಕ್ಕೆ ಹೋಗುವಾಗ ಕೋಡಿಂಬಾಳದ ರಬ್ಬರ್ ತೋಟದ ಅಂಚಿನಲ್ಲಿ ಗೆಳೆಯ ಹಮೀದ್ ಸ್ಕೂಟರ್ ನಿಲ್ಲಿಸಿ ಬೈನಾಕ್ಯುಲರ್ ಎತ್ತಿದರು.

"ಕಪ್ಪೆಬಾಯಿ ಹಕ್ಕಿ! ನನಗೆ ಕಂಡಿತು. ಅಲ್ಲಾಡ್ಬೇಡಿ."

ಒಣ ಎಲೆಗಳ ನಡುವೆ ಒಣ ಎಲೆಯಂತೆಯೇ ಕೂರುವ ಹಕ್ಕಿ ಅದು. ನನಗೆ ಎಲೆಗಳು ಮಾತ್ರ ಕಂಡವು. ಕಣ್ಣಾರೆ ಕಾಣದ ಹಕ್ಕಿಯನ್ನು ನಮ್ಮ ಹಕ್ಕಿ ದಾಖಲೆಯ ಪುಸ್ತಕದಲ್ಲಿ ಬರೆಯುವಂತಿಲ್ಲ ಎಂಬುದು ಮೂವತ್ತು ವರ್ಷದಿಂದ ನಮ್ಮಿಬ್ಬರ ಕಟ್ಟಳೆ.

"ನನಗೂ ಕಂಡಿತು," ಎಂದೆ.

"ಒಂದಾ, ಎರಡಾ?"

ಅಂದಾಜಿಗೆ ಹೇಳಿಬಿಟ್ಟೆ: "ಎರಡು. ಅಂಟಿಕೊಂಡು ಕೂತಿವೆ."

"ಗಂಡು ಯಾವ ಬದಿ?"

"ಎಡಕ್ಕೆ."

ಹಮೀದ್ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನನ್ನನ್ನೇ ದಿಟ್ಟಿಸಿದರು. ಇಷ್ಟು ವರ್ಷದ ಮಾನ ಇಲ್ಲೇ ಹೋಯಿತು ಎಂದುಕೊಂಡೆ.

"ಕಂಡಿತು ಅಂತ ನಾನು ಹೇಳಿದ್ದು ಲೊಟ್ಟೆ ಮಾರಾಯ್ರೆ, ಬರೀ ಸುಳ್ಳು," ಎಂದರು. "ಎಲ್ಲಿ ಉಂಟು, ಸ್ವಲ್ಪ ತೋರಿಸಿ."