ಕೌದಿಯ ಬೆಲೆ ಕೇಳಿದ ಕಾಕು

ಪಕ್ಕದ ಮನೆಯ ಕಾಕುವಿನ ಬಲಗೈ ನಡುಬೆರಳ ತುದಿ ಕಲ್ಲಿನಂತೆ ಗಟ್ಟಿಯಾಗಿತ್ತು. ನಲವತ್ತು ವರ್ಷಗಳ ಕಾಲ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೌದಿ ಹೊಲಿದ ಬೆರಳದು.

ನಮ್ಮೂರು ಮಾದನಹಿಪ್ಪರಗಾದ ಹೆಂಗಸರು ಹೊಲಿದದ್ದನ್ನೆಲ್ಲ ಆಳಂದದ ಒಬ್ಬ ವ್ಯಾಪಾರಿ ಒಯ್ಯುತ್ತಿದ್ದ. ಪ್ರತಿ ಸಲವೂ ಏನಾದರೂ ಕೊಂಕು ತೆಗೆದು ಬೆಲೆ ಇಳಿಸುತ್ತಿದ್ದ. ತಿಂಗಳು ಕೂತು ಹೊಲಿದವಳಿಗೆ ಸಿಗುತ್ತಿದ್ದುದು ಒಂದು ವಾರದ ಜೋಳದಷ್ಟು. ಅವನ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ವಿದೇಶದಿಂದ ಒಬ್ಬ ಹೆಂಗಸು ಬಂದಳು. ಹೊಲಿಯುವವರಿಂದಲೇ ನ್ಯಾಯದ ಬೆಲೆಗೆ ಕೊಂಡು ತನ್ನ ದೇಶದಲ್ಲಿ ಮಾರುವವಳು. ವ್ಯಾಪಾರಿ ಅವಳನ್ನು ಹಳ್ಳಿಗೆ ಬರಗೊಡದೆ ತನ್ನ ಮನೆಯಲ್ಲೇ ಕೂರಿಸಿಕೊಂಡ. ಹೊಲಿಯುವವರೆಲ್ಲ ತನ್ನ ಕೂಲಿಗಳು, ಅವರಿಗೆ ಅನ್ನ ಹಾಕುವವನು ತಾನೇ ಎಂದ. ಅದನ್ನು ಇಂಗ್ಲಿಷಿಗೆ ತಿರುಗಿಸಿದವನು ಅವನೇ ಕರೆಸಿಕೊಂಡಿದ್ದ ನಾನು; ಆಗಷ್ಟೇ ಶಾಲೆಯ ಕೆಲಸಕ್ಕೆ ಸೇರಿದ್ದ ಮಾಸ್ತರ.

ಸುದ್ದಿ ತಿಳಿದ ಕಾಕು ಬಸ್ಸು ಹತ್ತಿ ಆಳಂದಕ್ಕೆ ಬಂದಳು. ಯಾರೂ ಕರೆಯದೆಯೇ ಒಳಗೆ ನಡೆದಳು.

"ಬಾಯಾರ, ಇಂವ ನಮ್ಮ ಮಾಲಕ ಅಲ್ರಿ. ಅರಿವಿ ನಮ್ದು, ದಾರ ನಮ್ದು, ಹೊಲ್ದು ಹೊಲ್ದು ಮಂಜಾಗಾಕತ್ತಿದ್ದು ನಮ್ಮ ಕಣ್ಣು. ಇಂವ ನಿಮಗ ಸುಳ್ಳು ಹೇಳಾಕತ್ತಾನ."

ವ್ಯಾಪಾರಿ ನನ್ನತ್ತ ದುರುಗುಟ್ಟಿ ನೋಡಿದ. ನಾನು ಅಳುಕಿ, ಬೆಲೆ ಇನ್ನಷ್ಟು ಸಿಕ್ಕರೆ ಒಳ್ಳೆಯದು ಎನ್ನುತ್ತಿದ್ದಾಳೆ ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

ಕಾಕುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ನಾನು ಮಾತು ಮೊಟಕು ಮಾಡಿದ್ದನ್ನು ಹಿಡಿದುಬಿಟ್ಟಳು. "ಲೇ ತಮ್ಮಾ, ನಾ ಆಡಿದ್ದು ಅಷ್ಟು ಸಣ್ಣ ಮಾತಲ್ಲ. ಪೂರಾ ಹೇಳು. ಅಂಜಿಕಿ ಬಂದ್ರ ಎದ್ದು ಹೋಗು, ನಾ ಕೈಸನ್ನಿ ಮಾಡಿ ಹೇಳ್ತೇನಿ."

ನಾಚಿಕೆಯಿಂದ ತಲೆ ತಗ್ಗಿತು. ಪೂರಾ ಹೇಳಿದೆ. ಆ ಹೆಂಗಸು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಕಾಕುವಿನ ಜೊತೆ ಬಸ್ಸಿನಲ್ಲೇ ಊರಿಗೆ ಬಂದಳು.

ಹೆಂಗಸರು ಸಂಘ ಕಟ್ಟಿದರು. ಹೊಲಿಯುವ ಮೊದಲೇ ಆ ಹೆಂಗಸಿನಿಂದ ಅರ್ಧ ಹಣ ಬರತೊಡಗಿತು. ಒಪ್ಪಿದ ಬೆಲೆಯನ್ನು ಆಮೇಲೆ ಯಾರೂ ಇಳಿಸುವಂತಿರಲಿಲ್ಲ. ದಲಿತರ ಕೇರಿಯವರಿಗೆ ಕಡಿಮೆ ಕೊಟ್ಟರೆ ಸಾಕು ಎಂದ ನಮ್ಮ ಓಣಿಯವರ ಮೇಲೂ ಕಾಕು ಹರಿಹಾಯ್ದಳು: "ಅಂವ ನಮಗ ಮಾಡಿದ್ದನ್ನ ನೀವು ಇವರಿಗೆ ಮಾಡ್ತೀರೇನು?" ಎಲ್ಲರಿಗೂ ಒಂದೇ ಬೆಲೆಯಾಯಿತು.

ಕಾಕು ತೀರಿಕೊಂಡಾಗ ನಾನು ಜೇವರ್ಗಿಯ ಶಾಲೆಯಲ್ಲಿದ್ದೆ. ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ವಿದೇಶಿ ಹೆಂಗಸು ಬಂದು ನಮ್ಮವರನ್ನು ಉದ್ಧಾರ ಮಾಡಿದಳು ಎಂದು ಊರವರು ಈಗ ಹೇಳುತ್ತಾರೆ. ಆಕೆ ಒಳ್ಳೆಯವಳೇ, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಎದುರಿಗೆ ಯಾರೇ ಇರಲಿ, ಕೂರಿಸಿಕೊಂಡು ಕಾಕುವಿನ ಕಥೆ ಹೇಳುತ್ತೇನೆ. ನಾನು ಅಂಜಿದ್ದನ್ನೂ ಬಿಡದೆ ಹೇಳುತ್ತೇನೆ.