ಹೆಬ್ಬೆಟ್ಟು ಕೊಡು

ನನ್ನ ಗಂಡ ತೀರಿಕೊಂಡ ದಿನ ನಾನು ಮಾಡಿದ ತಪ್ಪು ಒಂದೇ. ಅವರ ಫೋನನ್ನು ಆಫ್ ಮಾಡಿದೆ.

ಇದನ್ನು ಯಾರಿಗಾದರೂ ಹೇಳಿದರೆ, ಅದರಲ್ಲೇನಿದೆ, ಮತ್ತೆ ಆನ್ ಮಾಡಿದರಾಯಿತು ಎನ್ನುತ್ತಾರೆ. ಆನ್ ಮಾಡಿದೆ. ಐದು ತಿಂಗಳಿಂದ ಆನ್ ಆಗಿಯೇ ಇದೆ. ಸ್ನಾನ ಮಾಡಿ ಬಂದು ದೇವರಿಗೆ ದೀಪ ಹಚ್ಚಿದ ಮೇಲೆ ಅದನ್ನು ಚಾರ್ಜಿಗೆ ಹಾಕುವುದು ನನ್ನ ದಿನದ ಕೆಲಸ. ಒಳಗೆ ಹೋಗಲು ಮಾತ್ರ ಆಗುವುದಿಲ್ಲ. ಒಳಗೆ ಅವರ ದನಿ ಇದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಹೇಗಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಪಾಠವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ.

ಅವರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಹುಟ್ಟೂರು ಹರಿಹರ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ, ಎರಡು ಫೋನು. ನನ್ನದು ನಿವೃತ್ತಿಯಾದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಐಫೋನು, ಅವರದು ಆಂಡ್ರಾಯ್ಡ್. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಸಾರಿನ ಉಪ್ಪಿಗೆ ಜಗಳವಾಡುತ್ತಾರೆ. ನಾವು ಯಾರ ಫೋನಿನ ಬೀಗ ಗಟ್ಟಿ ಎಂದು ಜಗಳವಾಡುತ್ತಿದ್ದೆವು.

ನನ್ನ ಫೋನು ಮುಖ ನೋಡಿ ತೆರೆದುಕೊಳ್ಳುತ್ತದೆ. ಅದನ್ನು ಮೊದಲ ಸಲ ಕಂಡಾಗ ಅವರು, "ನಿನ್ನ ಫೋನು ಮುಖ ನೋಡಿ ಮಣೆ ಹಾಕೋ ಜಾತೀದು" ಎಂದಿದ್ದರು. ಮಾತಿಗೇ ಬಿಡದೆ ಪರೀಕ್ಷೆಯನ್ನೂ ಮಾಡಿದರು. ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕಿ ತಂದು ಐಫೋನಿನ ಮುಂದೆ ಹಿಡಿದರು. ತೆರೆಯಲಿಲ್ಲ. ನಾನು ಮಧ್ಯಾಹ್ನ ಮಲಗಿದ್ದಾಗ ಮುಖದ ಮುಂದೆ ಹಿಡಿದು ನೋಡಿದರಂತೆ, ಆಗಲೂ ತೆರೆಯಲಿಲ್ಲ, ಕಣ್ಣು ಬಿಟ್ಟಿರಬೇಕು ಅದಕ್ಕೆ. ಕಣ್ಣಿಗೆ ಕಾಣದ ಬೆಳಕಿನ ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ ಏರಿಳಿತ ಅಳೆಯುತ್ತದೆ, ಚಿತ್ರದಲ್ಲಿ ಏರಿಳಿತ ಇರುವುದಿಲ್ಲ ಎಂದು ನಾನು ಪಾಠ ಮಾಡಿದೆ. ಆಮೇಲೆ ಅವರ ಫೋನಿನಲ್ಲೂ ಮುಖದ ಬೀಗ ಹಾಕಿ, ಕಾರ್ಖಾನೆಯ ಗುರುತಿನ ಚೀಟಿಯಲ್ಲಿದ್ದ ಅವರ ಫೋಟೋ ತೋರಿಸಿದೆ. ತಕ್ಷಣ ತೆರೆಯಿತು. ಅಗ್ಗದ ಫೋನು, ಬರೀ ಕ್ಯಾಮೆರಾದಿಂದ ನೋಡುವಂಥದ್ದು. ಅವರು ಮುಖ ಸಪ್ಪಗೆ ಮಾಡಿಕೊಂಡು, "ಅದು ನಂಬಿಕೆ ಕಣೇ. ನಿಂದು ಬರೀ ಅನುಮಾನದ ಫೋನು" ಎಂದರು. ಆದರೂ ಆವತ್ತೇ ಮುಖದ ಬೀಗ ತೆಗೆಸಿದರು.

ಉಳಿದದ್ದು ಬೆರಳು. ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಹೆಬ್ಬೆಟ್ಟನ್ನು ಒಂದೆರಡು ಸಲ ಒತ್ತಿದಂತೆ ಮಾಡಿ, "ಆಗ್ತಿಲ್ಲ ಬಿಡು. ನನ್ನ ಹೆಬ್ಬೆಟ್ಟಿನ ಗೆರೆ ಎಲ್ಲಾ ಲೇತ್ ತಿಂದೈತೆ" ಎಂದರು. ನಾನು ಬೇಳೆ ಆರಿಸುತ್ತ ಕೂತಿದ್ದೆ, ಎದ್ದು ನೋಡಲಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ, ಯಾಕೆಂದರೆ ಕಾರಣ ನನಗೆ ಗೊತ್ತಿತ್ತು. ಲೋಹದ ಚೂರು, ಕೂಲಂಟ್ ಎಣ್ಣೆ, ಇಷ್ಟು ವರ್ಷದ ತಿಕ್ಕಾಟ, ಚರ್ಮದ ಗೆರೆ ಸವೆಯದೆ ಇರುತ್ತದೆಯೇ ಎಂದು ಕೂತಲ್ಲೇ ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ನನ್ನ ಹೆಬ್ಬೆಟ್ಟನ್ನೇ ಅವರ ಫೋನಿಗೆ ಹಾಕಿದ್ದಾಯಿತು. ಕಾರ್ಖಾನೆಯಲ್ಲಿ ನಾನಿರುವುದಿಲ್ಲವಲ್ಲ, ಅದಕ್ಕೆ ಆರು ಅಂಕಿಯ ಪಿನ್ ಬೇರೆ ಇಟ್ಟುಕೊಂಡರು. ಅದು ಏನೆಂದು ನಾನು ಕೇಳಲಿಲ್ಲ. ಬೆರಳೇ ನನ್ನದಿರುವಾಗ ಅಂಕಿ ಯಾಕೆ?

ಅಲ್ಲಿಂದ ಶುರುವಾಯಿತು. ಮನೆಯಲ್ಲಿದ್ದಾಗ ಅವರು ಪಿನ್ ಹೊಡೆಯುತ್ತಲೇ ಇರಲಿಲ್ಲ. ಫೋನು ಹಿಡಿದು ಅಡುಗೆಮನೆಗೆ ಬರುವುದು, "ಹೆಬ್ಬೆಟ್ಟು ಕೊಡು" ಎನ್ನುವುದು. ರೊಟ್ಟಿ ತಟ್ಟುವಾಗಲೇ ಬರಬೇಕು ಅವರು.

"ಕೈಯೆಲ್ಲ ಹಿಟ್ಟೈತೆ, ಕಾಣಲ್ವೇನ್ರಿ? ನಂಬರ್ ಹೊಡ್ಕಳ್ರಿ."

"ಕನ್ನಡಕ ಹೊರಗೈತೆ. ಕೊಡು."

ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಹೆಬ್ಬೆಟ್ಟನ್ನು ಅವರೇ ಒರೆಸಿ, ಗಾಜಿನ ಮೇಲೆ ಒತ್ತಿಸಿಕೊಳ್ಳುತ್ತಿದ್ದರು. "ಎಂ.ಎಸ್ಸಿ. ಓದಿ ಹೆಬ್ಬೆಟ್ಟು ಒತ್ತೋ ಗತಿ ಬಂತಲ್ಲೇ ನಿನಗೆ" ಎಂದು ನಕ್ಕು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಬಿಸಿ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಐದು ನಿಮಿಷಕ್ಕೆ ಫೋನು ಮತ್ತೆ ಲಾಕ್, ಇವರು ಮತ್ತೆ ಹಾಜರು. ದಿನಕ್ಕೆ ಹತ್ತು ಸಲವಾದರೂ ಬರುತ್ತಿದ್ದರು. ಹತ್ತೂ ಸಲ ನಾನು ಬೈಯುತ್ತಿದ್ದೆ. ನನ್ನ ಬಾಯಿ ಸಣ್ಣದಲ್ಲ, ಅದು ನನಗೂ ಗೊತ್ತಿದೆ.

ಸಂಜೆ ಚಹಾ ಕುಡಿದು ಪಡಸಾಲೆಯ ಕುರ್ಚಿಯಲ್ಲಿ ಕೂತರೆ ಅವರ ಆಕಾಶವಾಣಿ ಶುರು. ಟೈಪ್ ಮಾಡುವುದು ಆಗದು, ಹಾಗಾಗಿ ಕೆಲಸದ ಗೆಳೆಯರಿಗೆ ಉದ್ದುದ್ದ ವಾಯ್ಸ್ ಮೆಸೇಜು. ಯಾವ ಬೇರಿಂಗ್ ಕೂಗುತ್ತಿದೆ, ಹದಡಿ ಕಡೆ ಮಳೆ ಬಿತ್ತೇ, ನಮ್ಮಾಕಿ ಇವತ್ತು ಎಣ್ಣೆಗಾಯಿ ಮಾಡ್ಯಾಳೆ, ಎಲ್ಲವೂ ಅದರಲ್ಲಿ. ನನಗೆ ಮಾತ್ರ ಒಂದನ್ನೂ ಕಳಿಸಿದವರಲ್ಲ. ಒಂದೇ ಮನೆಯಲ್ಲಿರುವ ಹೆಂಡತಿಗೆ ಯಾರು ಕಳಿಸುತ್ತಾರೆ?

ಅಪ್‌ಡೇಟಿನ ಜಗಳ ಇನ್ನೊಂದು. ನನ್ನ ಐಫೋನಿಗೆ ಬಂದ ದಿನವೇ ಹಾಕಿಕೊಳ್ಳುತ್ತೇನೆ. ಅವರ ಫೋನಿಗೆ ಕಂಪನಿಯವರು ಮನಸ್ಸು ಬಂದಾಗ ಕಳಿಸುತ್ತಿದ್ದರು, ಕಳಿಸಿದ್ದನ್ನು ಇವರು ತಿಂಗಳುಗಟ್ಟಲೆ ಮುಟ್ಟುತ್ತಿರಲಿಲ್ಲ. "ನಡೆಯೋ ಮಷೀನಿನ ನಟ್ಟಿಗೆ ಪಾನಾ ಹಾಕಬಾರದು" ಎಂಬುದು ಅವರ ವೇದವಾಕ್ಯ. ಬ್ಯಾಕಪ್ ಕೂಡ ಬಂದ್ ಮಾಡಿಸಿದ್ದರು, ನನ್ನ ಮಾತು ಯಾರ ಮನೇಲೋ ಯಾಕ ಇಡಬೇಕು ಎಂದು. ಕಳ್ಳ ನುಗ್ಗುವ ಕಿಂಡಿ ಮುಚ್ಚುವುದಕ್ಕೇ ಅಪ್‌ಡೇಟು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು ಎಂದು ನಾನು ತಲೆ ತಿಂದೆ. ಒಂದು ಭಾನುವಾರ ಅವರ ಫೋನಿಗೆ ಇದೇ ಕೊನೆಯ ಅಪ್‌ಡೇಟು ಎಂದು ಬಂತು. ಹಟ ಮಾಡಿ ಹಾಕಿಸಿದೆ. ಅದು ಆಫಾಗಿ ಆನಾಗಿ ಪಿನ್ ಕೇಳಿತು. ಆಫ್ ಆಗಿ ಬಂದ ಫೋನು ಬೆರಳನ್ನೂ ನಂಬುವುದಿಲ್ಲ, ಮುಖವನ್ನೂ ನಂಬುವುದಿಲ್ಲ, ಮೊದಲ ಸಲ ಪಿನ್ನೇ ಹೊಡೆಯಬೇಕು, ನಿಮ್ಮದೂ ಅಷ್ಟೇ ನನ್ನದೂ ಅಷ್ಟೇ ಎಂದು ಅದನ್ನೂ ಪಾಠ ಮಾಡಿದೆ. ಅವರು ನನ್ನ ಪಕ್ಕದಲ್ಲೇ ನಿಂತು ಆರು ಅಂಕಿ ಒತ್ತಿದರು. ನಾನು ತವೆಯ ಮೇಲಿನ ರೊಟ್ಟಿ ತಿರುವುತ್ತಿದ್ದೆ, ಕತ್ತು ತಿರುಗಿಸಲಿಲ್ಲ.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಮನೆಗೆ ತಂದು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಹಣೆಗೆ, ಕೈಗೆ ವಿಭೂತಿ ಬಳಿದು, ಹಾರ ಹಾಕಿ, ಸ್ವಾಮಿಗಳು ಪೂಜೆ ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತಿದ್ದೆ. ನನಗೆ ಏನೂ ಅನ್ನಿಸಲಿಲ್ಲ. ಯಾರದೋ ಮನೆಗೆ ಮಾತಾಡಿಸಲು ಬಂದವಳ ಹಾಗೆ ಕೂತಿದ್ದೆ.

ನನ್ನ ಮಡಿಲಲ್ಲಿದ್ದ ಅವರ ಫೋನು ಬಡಿದುಕೊಳ್ಳಲು ಶುರುವಾಯಿತು. ಒಂದು ನಿಂತರೆ ಇನ್ನೊಂದು. ಸ್ವಾಮಿಗಳು ಮಂತ್ರ ನಿಲ್ಲಿಸಿ ಒಮ್ಮೆ ನೋಡಿದರು. ಹರಿಹರದಿಂದ ಬಂದಿದ್ದ ನಾದಿನಿ, ಅವರ ತಂಗಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಅತ್ತಿಗೆ, ಅದನ್ನ ಬಂದ್ ಮಾಡ್ರಿ. ಅಣ್ಣನ ಮುಂದೆ ಅದು ಹಂಗೆ ಒದರಬಾರದು" ಎಂದಳು. ಬಲಗಡೆಯ ಗುಂಡಿಯನ್ನು ಒತ್ತಿ ಹಿಡಿದೆ. ಸೈಲೆಂಟ್ ಮಾಡಿದ್ದರೆ ಸಾಕಿತ್ತು. ಊರಿಗೆಲ್ಲ ಪುರಾಣ ಹೇಳಿ ಬದನೆಕಾಯಿ ತಿಂದವಳು ನಾನು. ಪರದೆ ಕಪ್ಪಾಯಿತು. ಸಂಜೆ ಹರಿಹರದ ಅವರ ಹೊಲದಲ್ಲಿ, ತಾಯಿಯ ಗದ್ದುಗೆಯ ಪಕ್ಕ ಮಣ್ಣು ಮಾಡಿದರು.

ಮರುದಿನ ಬೆಳಿಗ್ಗೆ ನಾದಿನಿಯ ಮನೆಯ ಕಟ್ಟೆಯ ಮೇಲೆ ಕೂತು ಫೋನು ಆನ್ ಮಾಡಿ ಹೆಬ್ಬೆಟ್ಟು ಇಟ್ಟೆ. ಪಿನ್ ಹಾಕಿ ಎಂದಿತು. ಆಗ ನಾನೇ ಮಾಡಿದ ಪಾಠ ನೆನಪಾಯಿತು. ಅವರ ಹುಟ್ಟಿದ ತಾರೀಖು ಹಾಕಿದೆ. ಮದುವೆಯ ತಾರೀಖು, ನಾನು ಹುಟ್ಟಿದ ತಾರೀಖು, ಎರಡು ಸೊನ್ನೆ ಸೇರಿಸಿ ಸ್ಕೂಟರಿನ ನಂಬರು. ಅರ್ಧ ನಿಮಿಷ ತಡಿ ಎಂದಿತು. ಆಮೇಲೆ ಇನ್ನೂ ಹೆಚ್ಚು ತಡಿ ಎಂದಿತು. ನಾದಿನಿ ಎರಡು ಸಲ ಉಪ್ಪಿಟ್ಟು ಬಿಸಿ ಮಾಡಿ ತಂದಿಟ್ಟಳು.

ದಾವಣಗೆರೆಗೆ ಬಂದ ಮೇಲೆ ಅವರ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಹಳೆಯ ಮೆಸೇಜು ಸಿಗುತ್ತವೆಯೇ ಎಂದು ನೋಡಿದೆ. ಬ್ಯಾಕಪ್ ಇಲ್ಲ ಎಂದಿತು. ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಫೋನನ್ನು ತಿರುವಿ ಮುರುವಿ ನೋಡಿ, "ಎಲ್ಲಾ ಅಳಿಸಿ ಹೊಸದರ ಹಂಗೆ ಮಾಡಿ ಕೊಡ್ತೀನಿ ಆಂಟಿ, ಒಳಗಿಂದು ಉಳಿಯಲ್ಲ" ಎಂದ.

"ಒಳಗಿಂದೇ ಬೇಕಪ್ಪ ನನಗೆ."

"ಹಳೇ ಸಾಫ್ಟ್‌ವೇರ್ ಇದ್ದಿದ್ರೆ ಏನರ ಒಂದು ದಾರಿ ನೋಡಬಹುದಿತ್ತೇನೋ. ಇದಕ್ಕೆ ಈಗೀಗ ಅಪ್‌ಡೇಟ್ ಮಾಡ್ಯಾರೆ. ಆ ಕಿಂಡಿ ಮುಚ್ಚಿ ಹೋಗೈತೆ."

"ಮಾಡಿಸಿದ್ದು ನಾನೇ" ಎಂದೆ. ಐಫೋನಾಗಿದ್ದರೆ ಏನಾಗುತ್ತಿತ್ತು ಎಂದೂ ಕೇಳಿದೆ, ಹಳೆಯ ಚಾಳಿ. ಅದೂ ಇಷ್ಟೇ, ಎರಡೂ ಒಂದೇ ಎಂದ. ನಮ್ಮ ಇಷ್ಟು ವರ್ಷಗಳ ಜಗಳ ಆ ಅಂಗಡಿಯ ಕಟ್ಟೆಯ ಮೇಲೆ ಸರಿಸಮವಾಗಿ ಮುಗಿಯಿತು. ಕೇಳುವವರು ಇರಲಿಲ್ಲ. ಆಗಲೂ ಅಳು ಬರಲಿಲ್ಲ. ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಹೋದ ವಾರ ಕಾರ್ಖಾನೆಯಿಂದ ಫೋನು ಬಂತು. ಅವರ ಪಕ್ಕದ ಗ್ರೈಂಡಿಂಗ್ ಮಷೀನಿನ ಮೇಲಿರುವ ಸಾಬರು, ಇಪ್ಪತ್ತು ವರ್ಷದ ಸ್ನೇಹಿತರು, ನನ್ನನ್ನು ಭಾಬಿ ಎಂದೇ ಕರೆಯುವವರು. "ಅಣ್ಣಾರ ಸಾಮಾನು ಇಲ್ಲೇ ಐತೆ ಭಾಬಿ. ಬರ್ರಿ ಒಂದ್ಸಲ" ಎಂದರು. ಉಳಿದ ಗೆಳೆಯರನ್ನು ಕೇಳಿ ಆಗಿತ್ತು, ಯಾರ ಫೋನಿನಲ್ಲೂ ಅವರ ದನಿ ಉಳಿದಿರಲಿಲ್ಲ, ಇವರೊಬ್ಬರನ್ನು ಕೇಳುವುದು ಬಾಕಿ ಇತ್ತು. ಹೋದೆ.

ಗೇಟಿನ ಹತ್ತಿರ ಕುರ್ಚಿ ಹಾಕಿಸಿ, "ಕೂಡ್ರಿ" ಎಂದು, ಒಂದು ಚೀಲ ತಂದು ಕೊಟ್ಟರು. ಒಳಗೆ ವರ್ನಿಯರ್ ಮಾಪಕ, ಕನ್ನಡಕದ ಡಬ್ಬಿ, ಒಂದು ಟವೆಲ್ಲು. ಪಿನ್ ಏನಾದರೂ ಗೊತ್ತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. "ನಾವು ಅದನ್ನ ನೋಡೋಕೆ ಹೋಗಿಲ್ಲ ಭಾಬಿ." ನಮ್ಮನೆಯವರು ಕಳಿಸಿದ ವಾಯ್ಸ್ ಮೆಸೇಜು ನಿಮ್ಮ ಫೋನಿನಲ್ಲಿ ಒಂದಾದರೂ ಉಳಿದಿದೆಯೇ ಎಂದೆ. ಸಾಬರ ಮುಖ ಬಾಡಿತು. ಮೆಮೊರಿ ತುಂಬುತ್ತದೆಂದು ಪ್ರತಿ ಶುಕ್ರವಾರ ಎಲ್ಲವನ್ನೂ ಅಳಿಸುವ ಅಭ್ಯಾಸವಂತೆ. "ಮಾಫ್ ಮಾಡ್ರಿ. ಹಿಂಗಾಗ್ತೈತೆ ಅಂತ ಯಾರಿಗೆ ಗೊತ್ತಿತ್ತು" ಎಂದರು. ಇರಲಿ ಬಿಡ್ರಿ ಎಂದೆ. ಅಲ್ಲಿಗೆ ಎಲ್ಲ ದಾರಿಯೂ ಮುಗಿಯಿತು. ಇನ್ನು ಅವರ ದನಿ ಸಿಗುವುದಿಲ್ಲ ಎಂಬುದು ನನಗೆ ನಾಳೆ ನೀರು ಬರುವುದಿಲ್ಲ ಎಂಬಷ್ಟೇ ಸಾದಾ ಸುದ್ದಿಯಾಗಿ ಕೇಳಿಸಿತು.

ಅಷ್ಟರಲ್ಲಿ ಪಾಳಿ ಬಿಟ್ಟಿತು. ಗೇಟಿನ ಗೋಡೆಗೆ ಹಾಜರಿಯ ಮಷೀನು, ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಇಟ್ಟು ಹೋಗುತ್ತಿದ್ದರು. ಸಾಬರೂ ಇಟ್ಟರು. ಅದು ಕೆಂಪು ದೀಪ ತೋರಿಸಿತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟರು, ಮತ್ತೆ ಕೆಂಪು. ವಾಚ್‌ಮನ್ ಪುಸ್ತಕ ತೆಗೆದು ಅವರ ಹೆಸರು ಬರೆದುಕೊಂಡ.

"ನಮ್ಮನೆಯವರದೂ ಹಿಂಗೇ ಅಲ್ವಾ" ಎಂದೆ. "ಅವರ್ದೂ ದಿನಾ ಪುಸ್ತಕದಾಗೆ ಬರೀತಿದ್ರೇನು?"

"ಅಣ್ಣಾರ್ದಾ? ಇಲ್ಲ ಭಾಬಿ. ಅವರ್ದು ಒಂದೇ ಏಟಿಗೆ ತಗಂತಿತ್ತು. ಕೊನೇ ದಿನದವರೆಗೂ. ನಂದು ಗ್ರೈಂಡರ್ ತಿಂದೈತೆ, ನೋಡ್ರಿ. ಅವರು ಹಿಂದೆ ನಿಂತು ನಗೋರು ನನಗೆ."

ವಾಚ್‌ಮನ್ ಕಡೆ ನೋಡಿದೆ. ಅವನೂ ಹೌದೆಂದು ತಲೆಯಾಡಿಸಿದ.

ಆಟೋದಲ್ಲಿ ಮನೆಗೆ ಬಂದೆ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆ. ಊಟದ ಮೇಜು, ನಾನು ಆರಿಸುತ್ತಿದ್ದ ಬೇಳೆ, ಅವರ ತಲೆಯಾಡಿಸುವಿಕೆ ಎಲ್ಲ ಕಣ್ಣ ಮುಂದೆ ಬಂತು. ಸವೆದ ಗೆರೆಗಳ ಬಗ್ಗೆ ಅಷ್ಟು ಹೊತ್ತು ಪಾಠ ಕೇಳಿದರಲ್ಲ ಮಹಾರಾಯರು, ಒಂದು ಗೆರೆಯೂ ಸವೆದಿರಲಿಲ್ಲ. ಕನ್ನಡಕವೂ ಅಂಗಿಯ ಜೇಬಿನಲ್ಲೇ ಇರುತ್ತಿತ್ತೇನೋ.

ಚೀಲದಿಂದ ಟವೆಲ್ಲು ತೆಗೆದೆ. ಎಣ್ಣೆಯ ವಾಸನೆ ಇನ್ನೂ ಇತ್ತು. ಅದರಿಂದ ನನ್ನ ಹೆಬ್ಬೆಟ್ಟು ಒರೆಸಿಕೊಂಡು ಅವರ ಫೋನಿನ ಮೇಲೆ ಇಟ್ಟೆ. ಪಿನ್ ಹಾಕಿ ಎಂದಿತು. ಐದು ತಿಂಗಳಲ್ಲಿ ಮೊದಲ ಸಲ ಅತ್ತೆ. ಜೋರಾಗಿಯೇ ಅತ್ತೆ, ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು.

ನಿಮ್ಮ ಹೆಬ್ಬೆಟ್ಟು ನೆಟ್ಟಗಿದೆ ಎಂದು ಒಂದು ಮಾತು ಹೇಳಬೇಕಿತ್ತು ಕಣ್ರೀ. ಹೇಳಿದ್ದರೆ ನಾನು ಅಷ್ಟು ಬೈಯುತ್ತಿರಲಿಲ್ಲ. ಅದೂ ಸುಳ್ಳು, ಬೈಯುತ್ತಿದ್ದೆ. ಆದರೆ ಬೈಯುತ್ತಲೇ ನಿಮ್ಮ ಕಡೆ ತಿರುಗಿ ನೋಡುತ್ತಿದ್ದೆ.