ಅರ್ಧ ಇಂಚು ಆಚೆಗಿದ್ದ ಗುರುತು

ಆ ತಗಡಿನ ಡಬ್ಬಿ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ. ಪೇಟೆಯಲ್ಲಿ ವಾರಕ್ಕೊಮ್ಮೆ ನಡೆಯುವ ಗುಜರಿ ಸಂತೆಯಿಂದ ನಮ್ಮ ಯಜಮಾನರು ತಂದಿದ್ದರು. ಒಳಗೆ ಒಂದರೊಳಗೊಂದು ಕೂತ ಐದು ಉಕ್ಕಿನ ಬಳೆಗಳಿದ್ದವು. ಪ್ರತಿಯೊಂದರ ಅಂಚಿಗೂ ಗರಗಸದ ಹಲ್ಲು. ಬಳೆಗಳನ್ನು ಸಿಕ್ಕಿಸಲು ಒಂದು ದಪ್ಪ ಬಿಲ್ಲೆ, ಬಿಲ್ಲೆಯ ನಡುವೆ ಮುಂದಕ್ಕೆ ಚಾಚಿದ ಒಂದು ಡ್ರಿಲ್ ಬಿಟ್ಟು, ಅಂದರೆ ಕೊರೆಯುವ ಕಡ್ಡಿ. ಬೇಕಾದ ಅಳತೆಯ ಬಳೆಯನ್ನು ಸಿಕ್ಕಿಸಿ, ಡ್ರಿಲ್‌ಗೆ ಹಾಕಿ ತಿರುಗಿಸಿದರೆ ಮರದಲ್ಲಿ ದುಂಡಗೆ ತೂತು ಬೀಳುತ್ತದೆ. ಯಜಮಾನರು ದುಡಿಯುತ್ತಿದ್ದ ಕಾರ್ಖಾನೆಯವರು ಅದನ್ನು ಹೋಲ್ ಸಾ ಅನ್ನುತ್ತಿದ್ದರು.

ಪೀಣ್ಯದ ಅದೇ ಕಾರ್ಖಾನೆಯಲ್ಲಿ ಅವರ ಪಕ್ಕದ ಲೇತಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಅವತ್ತು ಕಾಫಿಗೆ ಬಂದಿದ್ದರು. ಒಂದು ಬಳೆ ತೆಗೆದು ಎರಡು ಬೆರಳಲ್ಲಿ ಅಮುಕಿದರು. ಅದು ಬಾಗಿತು.

“ಏನ್ ಗುರು ಇದು, ಬರೀ ತಗಡು! ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡೋನು ನೀನು, ಮಕ್ಕಳಾಟದ ಸಾಮಾನು ತಂದಿದ್ಯಲ್ಲೋ.”

“ಇದ್ರಲ್ಲಿ ನಾನೇನ್ ಕಾರ್ಖಾನೆ ಇಡ್ತೀನಾ? ಮನೇಗೆ ನಾಲ್ಕು ತೂತು ಬೇಕು. ನಾಲ್ಕು ಹೊಡೆದು ಹೋದ್ರೂ ಇದರ ಜನ್ಮ ಸಾರ್ಥಕ ಕಣೋ.”

“ಐದನೇದು ಬೇಕಾದ್ರೆ?”

“ನಿನ್ನ ಹಲ್ಲು ಕಿತ್ಕೊಂಡ್ ಬರ್ತೀನಿ ಬಿಡು.”

ಆ ನಾಲ್ಕರಲ್ಲಿ ಮೂರನ್ನು ಅವರೇ ಹೊಡೆದರು. ರೇಡಿಯೋ ವೈರು ಹಾಯಲು ಗೋಡೆ ಹಲಗೆಗೆ ಒಂದು, ಬಚ್ಚಲ ಕಿಟಕಿಯ ಹಲಗೆಯಲ್ಲಿ ರಬ್ಬರ್ ಪೈಪಿಗೆ ಒಂದು, ಅತ್ತೆಯ ಮಣೆಯನ್ನು ಬೆರಳು ತೂರಿಸಿ ಎತ್ತಲು ಒಂದು. ನಾಲ್ಕನೆಯದು ಮುಂಬಾಗಿಲಿಗೆ.

ಮಾಕಳಿಯ ನಮ್ಮ ಮನೆಯ ಮುಂಬಾಗಿಲು ಹೊನ್ನೆ ಮರದ್ದು. ಒಳಗಡೆ ಒಂದು ಅಗುಳಿ, ಹೊರಗಡೆ ಚಿಲಕಕ್ಕೆ ಬೀಗ, ಅಷ್ಟೇ. ಮನೆಯಲ್ಲಿ ಯಾರನ್ನಾದರೂ ಬಿಟ್ಟು ಹೊರಟರೆ ಅವರು ಎದ್ದು ಬಂದು ಅಗುಳಿ ಹಾಕಬೇಕು, ಬಂದಾಗ ಮತ್ತೆ ಎದ್ದು ತೆಗೆಯಬೇಕು. ಅತ್ತೆಗೆ ಮಂಡಿ ನೋವು, ಕಿವಿಯೂ ಮಂದ. ಅದಕ್ಕೇ ಯಜಮಾನರು, ಎಳೆದರೆ ತಾನೇ ಬೀಳುವಂಥ ಬೀಗವೊಂದನ್ನು ತಂದಿಟ್ಟಿದ್ದರು. ಹೊರಗಿನಿಂದ ಕೀಲಿಕೈ, ಒಳಗಿನಿಂದ ಒಂದು ತಿರುಪು. ಮೂರು ಕೀಲಿಕೈಗಳಿದ್ದವು. ಅದನ್ನು ಕೂರಿಸಲು ಬಾಗಿಲಿನಲ್ಲಿ ಒಂದೂಕಾಲು ಇಂಚಿನ ದುಂಡು ತೂತು ಆಗಬೇಕು.

ಒಂದು ಸಂಜೆ ನಾನೂ ಅತ್ತೆಯೂ ಮಗಳೂ ನೆಂಟರ ಮನೆಯ ಆರತಿಗೆ ಹೋಗಿ ಬರುವುದು ತಡವಾಯಿತು. ಅವರು ಕೆಲಸ ಮುಗಿಸಿ ಬಂದು, ಬೀಗ ಕಂಡು, ಜಗಲಿಯ ಮೇಲೆ ಕೂತಿದ್ದರು. ಸುಮ್ಮನೆ ಕೂರುವ ಜಾತಿಯಲ್ಲ. ಜೇಬಿನಿಂದ ಪೆನ್ಸಿಲ್ಲು, ಮಡಚುವ ಅಡಿಕೋಲು ತೆಗೆದು, ಮುಚ್ಚಿದ ಬಾಗಿಲಿನ ಮೇಲೆ ಅಳೆದು ಒಂದು ಸಣ್ಣ ಅಡ್ಡಗೆರೆ, ಒಂದು ಉದ್ದಗೆರೆ ಎಳೆದಿದ್ದರು.

“ನೀವು ತಡ ಮಾಡಿದ್ದು ಒಳ್ಳೇದೇ ಆಯ್ತು. ಒಂದು ಕೆಲಸ ಶುರು ಮಾಡ್ದೆ,” ಅಂದರು.

ಮುಂದಿನ ವಾರ ಅವರ ಕಣ್ಣು ಹಳದಿಯಾಯಿತು. ಮೊದಲು ಹಳ್ಳಿಯ ಸೊಪ್ಪಿನ ಔಷಧಿ, ಆಮೇಲೆ ಆಸ್ಪತ್ರೆ. ಮೂರನೇ ವಾರಕ್ಕೆ ಅವರು ಇರಲಿಲ್ಲ. ಕಾಮಾಲೆ ಇಷ್ಟು ಬೇಗ ಒಬ್ಬರನ್ನು ಕರೆದೊಯ್ಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ದಿನಗಳ ಬಗ್ಗೆ ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಆಗಿಲ್ಲ. ಬಾಗಿಲಿನ ಬಗ್ಗೆ ಬರೆಯಬಲ್ಲೆ.

ಕಾರ್ಖಾನೆಯ ಮಾಲೀಕರು ತಿಥಿ ಮುಗಿದ ಮೇಲೆ ಹೇಳಿಕಳಿಸಿದರು. ತಯಾರಾದ ಉಂಗುರಗಳನ್ನು ಅಳತೆಯ ಗೇಜಿನಲ್ಲಿ ಇಟ್ಟು ನೋಡಿ, ಸರಿ ಇದ್ದದ್ದನ್ನು ಬಲಕ್ಕೆ, ಇಲ್ಲದ್ದನ್ನು ಎಡಕ್ಕೆ ಹಾಕುವ ಕೆಲಸ. ಮೊದಲ ಪಾಳಿ, ಬೆಳಿಗ್ಗೆ ಆರಕ್ಕೆ. ಸೋಮವಾರ ಬಂದರೆ ಸರಿ, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದರು. ನಾನು ಹತ್ತನೇ ತರಗತಿಯವರೆಗೆ ಓದಿದವಳು, ಆಗಬಹುದು ಅಂದೆ.

ನನ್ನ ಅಣ್ಣ ಒಪ್ಪಲಿಲ್ಲ. ಅವನು ನೆಲಮಂಗಲದ ಆಚೆಯ ನಮ್ಮ ತವರಿನಿಂದ ಬಂದಿದ್ದ.

“ಐದು ಗಂಟೆಗೆ ನೀನು ಬಸ್ಸಿಗೆ ಹೋದ್ರೆ ಬಾಗಿಲು ಹಾಕೋರ್ಯಾರಮ್ಮ? ನಿಮ್ಮತ್ತೆ ಎದ್ದು ಬರೋ ಹೊತ್ಗೆ ನೀನು ಪೀಣ್ಯದಲ್ಲಿರ್ತೀಯ. ಮಗು ಸ್ಕೂಲಿಂದ ಬಂದು ಕೂಗಿದ್ರೆ ಅವರಿಗೆ ಕೇಳ್ಸುತ್ತಾ? ಮುಂದೇನೇ ತುಮಕೂರು ರಸ್ತೆ, ಲಾರಿ ನಿಲ್ಸೋ ಜಾಗ. ಬಾಗಿಲು ತೆಕ್ಕೊಂಡು ಮಲಗ್ತೀರಾ?”

ಭಾನುವಾರ ಟೆಂಪೋ ತರುತ್ತೇನೆ, ನೀನೂ ಮಗುವೂ ಹೊರಡಿ, ಮನೆಯನ್ನು ಕಾರ್ಖಾನೆಯ ಹುಡುಗರಿಗೆ ಬಾಡಿಗೆ ಕೊಡೋಣ, ಅತ್ತೆ ಅವರ ಚಿಕ್ಕ ಮಗನ ಮನೆಗೆ ಹೋಗಲಿ ಅಂದ. ಅವನು ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

“ಬಾಗಿಲು ಸರಿಯಾದ್ರೆ?” ಅಂದೆ.

“ಸರಿಯಾದ್ರೆ ಆಮೇಲೆ ಮಾತಾಡೋಣ. ಮಾಡೋರ್ಯಾರು ಅಂತೀನಿ.”

ಮಾಡುವವರು ಇದ್ದರು. ಆ ಬಾಗಿಲನ್ನು ಮಾಡಿದ ಆಚಾರಿಯ ಮನೆಗೆ ಮಾರನೆಯ ದಿನವೇ ಹೋದೆ. ಅವರು ನೀರು ಕೊಟ್ಟು ಕೂರಿಸಿದರು. ಕೆಲಸಕ್ಕೆ ಮಾತ್ರ ತಲೆ ಅಲ್ಲಾಡಿಸಿದರು.

“ವರ್ಸ ಕಳೀಲಿ ತಾಯಿ. ಯಜಮಾನ ಓದ ಮನೆ ಮುಂಬಾಗ್ಲಿಗೆ ವರ್ಸದೊಳಗೆ ಉಳಿ ಮುಟ್ಟಿಸ್ಬಾರ್ದು. ನಮ್ಮಪ್ಪನೂ ಮುಟ್ಟಿಸ್ತಿರ್ಲಿಲ್ಲ, ನಾನೂ ಮುಟ್ಟಿಸಾಕಿಲ್ಲ.”

ವರ್ಷ ಕಳೆಯುವ ಹೊತ್ತಿಗೆ ನನಗೆ ಮನೆಯೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಆದರೆ ಅದನ್ನು ಅವರ ಮುಂದೆ ಹೇಳಿ ಏನು ಪ್ರಯೋಜನ? ಎದ್ದು ಬಂದೆ.

ಅತ್ತೆಗೆ ಜೋರಾಗಿ ಎಲ್ಲವನ್ನೂ ಹೇಳಿದೆ. ಮಗ ಹೋದ ಮೇಲೆ ಅವರು ಮಾತಾಡುವುದನ್ನೇ ಬಿಟ್ಟಿದ್ದರು. ಅವರೂ ಆಚಾರಿಯ ಮಾತನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ರಾಗಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

“ಗುರುತು ಆಕಿದ್ನಲ್ವಾ ಅವ್ನು?”

“ಹಾಕಿದಾರೆ.”

“ಅಂಗಾದ್ರೆ ಕೆಲ್ಸ ಸುರುವಾಗೈತೆ. ಸುರುವಾದ್ ಕೆಲ್ಸಕ್ಕೆ ಸೂತಕ ಇಲ್ಲ. ಒಲೆ ಮ್ಯಾಲೆ ಇಟ್ಟಿರೋ ಎಸರು ಯಾರಾನಾ ಚೆಲ್ತಾರಾ? ಅವ್ನು ಗುರುತು ಆಕಿರೋ ಜಾಗಕ್ಕೇ ಒಡಿ.”

ಶುಕ್ರವಾರ ಮಧ್ಯಾಹ್ನ ಯಜಮಾನರ ಆ ಗೆಳೆಯರು ಪಾಳಿ ಮುಗಿಸಿ ಬಂದರು. ತಾವೇ ಹೊಡೆದುಕೊಡುತ್ತೇನೆ ಅಂದರು. ನಾನು ಬೇಡ, ಕಲಿಸಿಕೊಡಿ ಅಂದೆ. ನಾಳೆ ಬೀಗ ಸಡಿಲಾದರೆ ಮತ್ತೆ ಯಾರ ಮನೆಗೆ ಹೋಗಲಿ? ಅವರು ಪ್ಯಾಕಿಂಗ್ ಪೆಟ್ಟಿಗೆಯ ಒಂದು ಹಲಗೆ ಕೇಳಿದರು.

ಯಜಮಾನರ ಡ್ರಿಲ್ ಕರೆಂಟಿನದಲ್ಲ. ಹಿಂಬದಿಯ ತಟ್ಟೆಯನ್ನು ಎದೆಗೆ ಒತ್ತಿಕೊಂಡು, ಪಕ್ಕದ ಹಿಡಿಯನ್ನು ಕೈಯಲ್ಲಿ ತಿರುಗಿಸುವಂಥದ್ದು.

“ಇದೇ ವಾಸಿ ಅತ್ಗೆ,” ಅಂದರು ಗೆಳೆಯರು. “ಕರೆಂಟ್ ಡ್ರಿಲ್‌ಗೆ ಹಾಕಿದ್ರೆ ಈ ತಗಡು ಕಾದು ನೀಲಿಯಾಗ್ಬಿಡತ್ತೆ. ಅಗ್ಗದ ಮಾಲು, ಆತುರ ಮಾಡ್ಬೇಡಿ. ಹತ್ತು ಸುತ್ತು ತಿರುಗ್ಸಿ, ಹೊರಗೆ ತೆಗೀರಿ, ಹಲ್ಲಲ್ಲಿ ಸಿಕ್ಕಿರೋ ಪುಡಿ ಕೆರೀರಿ, ಮೇಣದಬತ್ತಿ ಸವರಿ, ಮತ್ತೆ ಹತ್ತು ಸುತ್ತು. ನಡುವಿನ ಬಿಟ್ಟು ಆಚೆ ಮೂತಿ ತೋರಿಸಿದ ತಕ್ಷಣ ನಿಲ್ಸಿ. ಇನ್ನರ್ಧ ಆಚೆಯಿಂದ ಹೊಡೀರಿ. ಒಂದೇ ಕಡೆಯಿಂದ ತಳ್ಳಿದ್ರೆ ಹೊರಗಡೆ ಮರ ಸಿಗಿದು ಹೋಗತ್ತೆ.”

ಹಲಗೆಯಲ್ಲಿ ನನ್ನ ಮೊದಲ ತೂತು ಮೊಟ್ಟೆಯಂತಾಯಿತು.

“ಪರವಾಗಿಲ್ಲ, ಕೋಳಿ ಕೂರ್ಸಿ,” ಅಂದರು. ತಿಂಗಳಾದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು ಅದೇ ಮೊದಲು. ನಾನೇ ನಕ್ಕಿದ್ದೆ. ಎರಡನೆಯದು ಪರವಾಗಿಲ್ಲ ಅನ್ನುವಂತಾಯಿತು. ಮೂರನೆಯದಕ್ಕೆ ಅವರು ಬಿಡಲಿಲ್ಲ. “ಸಾಕು, ಹಲ್ಲು ಸವೆಯತ್ತೆ. ಬಾಗಿಲಿಗೆ ಉಳಿಸ್ಕೊಳ್ಳಿ. ಹೊನ್ನೆ ಮರ, ಇದು ತಡೆಯೋದು ಒಂದೇ ಸಲ. ಜಾಗ ತಪ್ಪಿದ್ರೆ ಬಾಗಿಲೂ ಹೋಯ್ತು, ಬಳೇನೂ ಹೋಯ್ತು.”

ಶನಿವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಬಾಗಿಲ ಮುಂದೆ ನಿಂತೆ. ಒಂದೇ ಸಲ ಎಂಬ ಮಾತು ತಲೆಯಲ್ಲಿತ್ತು. ಅದಕ್ಕೆ ಮಗಳ ನೋಟ್‌ಬುಕ್ಕಿನ ಒಂದು ಹಾಳೆಯ ಮೇಲೆ ಬೀಗವನ್ನಿಟ್ಟು ಸುತ್ತ ಗೆರೆ ಎಳೆದು, ತೂತು ಬರುವ ಕಡೆ ಚುಕ್ಕಿ ಇಟ್ಟೆ. ಹಾಳೆಯನ್ನು ಕತ್ತರಿಸಿ, ಬಾಗಿಲು ತೆರೆದು, ಅದರ ಅಂಚಿಗೆ ಸರಿಯಾಗಿ ಹಿಡಿದೆ.

ನನ್ನ ಚುಕ್ಕಿ ಅವರ ಗುರುತಿನ ಮೇಲೆ ಬೀಳಲಿಲ್ಲ. ಅರ್ಧ ಇಂಚು ಈಚೆಗೆ, ಬಾಗಿಲಿನ ಅಂಚಿನ ಕಡೆಗಿತ್ತು.

ಹಾಳೆ ಜಾರಿರಬೇಕು ಎಂದು ಮತ್ತೆ ಹಿಡಿದೆ. ಅಡಿಕೋಲಿನಲ್ಲಿ ಅಳೆದೆ. ಮೂರು ಸಲ ಅಳೆದರೂ ಅದೇ ಅರ್ಧ ಇಂಚು. ಅವರು ತಪ್ಪು ಮಾಡಿರಲಾರರು, ತಪ್ಪು ನನ್ನದೇ ಎಂದು ಜಗಲಿಯ ಮೇಲೆ ಕೂತೆ. ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆಗ ಕಂಡಿತು. ಮುಚ್ಚಿದಾಗ ಬಾಗಿಲಿನ ಅಂಚು ಚೌಕಟ್ಟಿನ ಗಾಡಿಯೊಳಗೆ, ಅಂದರೆ ಅದಕ್ಕೆಂದೇ ಕೊರೆದ ಸಂದಿನೊಳಗೆ, ಅರ್ಧ ಇಂಚು ಹೋಗಿ ಕೂರುತ್ತದೆ. ಹೊರಗೆ ನಿಂತವರಿಗೆ ಆ ಅರ್ಧ ಇಂಚು ಕಾಣುವುದೇ ಇಲ್ಲ. ಅವತ್ತು ಅವರು ಬೀಗ ಹಾಕಿದ ಬಾಗಿಲ ಹೊರಗೆ ಕೂತು, ಕಂಡಷ್ಟನ್ನು ಅಳೆದಿದ್ದರು. ಕೂದಲೆಳೆ ತಪ್ಪದ ಮನುಷ್ಯ, ನಾವು ತಡವಾಗಿ ಬಂದದ್ದರಿಂದ ಅರ್ಧ ಇಂಚು ತಪ್ಪಿದ್ದರು. ಅಲ್ಲಿ ತೂತು ಹೊಡೆದರೆ ಬೀಗದ ನಾಲಿಗೆ ಚೌಕಟ್ಟನ್ನು ಮುಟ್ಟುವುದಿಲ್ಲ.

ಈಗ ಪೇಚಾಟಕ್ಕಿಟ್ಟುಕೊಂಡಿತು. ಅತ್ತೆ ಒಪ್ಪಿದ್ದು ಅವರ ಗುರುತಿಗೆ. ಗುರುತು ಬಿಟ್ಟು ಬೇರೆ ಕಡೆ ಹೊಡೆದರೆ ಅದು ಹೊಸ ಕೆಲಸ. ಹೇಳದೆ ಹೊಡೆದುಬಿಡಬಹುದಿತ್ತು, ಅವರಿಗೆ ಅರ್ಧ ಇಂಚು ಎಲ್ಲಿ ಕಾಣುತ್ತದೆ? ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹೋಗಿ ಹೇಳಿದೆ. ತೀರಿಕೊಂಡವರ ತಪ್ಪನ್ನು ಅವರ ತಾಯಿಯ ಎದುರು ಎತ್ತಿ ಹೇಳುವುದು ಸುಲಭವಲ್ಲ.

ಅತ್ತೆ ಗೋಡೆ ಹಿಡಿದು ಎದ್ದು ಬಂದರು. ಗುರುತಿನ ಮೇಲೆ ಬೆರಳಾಡಿಸಿದರು. ತುಂಬಾ ಹೊತ್ತು ಆಡಿಸಿದರು.

“ಸಣ್ಣೋನಿದ್ದಾಗ ಅಂಗಿ ಗುಂಡೀನ ಒಂದು ತೂತು ಆಚೆಗೇ ಆಕ್ಕೊಂಡ್ ಬರೋನು,” ಅಂದರು. “ಒಂದು ಕಡೆ ಮ್ಯಾಕೆ, ಒಂದು ಕಡೆ ಕೆಳೀಕೆ. ನಾನೇ ಬಿಚ್ಚಿ ಸರಿಯಾಗಿ ಆಕ್ತಿದ್ದೆ. ಅಂಗಂತ ಅದೇನ್ ಬ್ಯಾರೆ ಅಂಗಿ ಆಗೋಯ್ತಾ?”

ನಾನು ಹಾಳೆ ಹಿಡಿದು ನಿಂತೇ ಇದ್ದೆ.

“ನಿಂತ್ಕೊಂಡ್ರೆ ತೂತು ಬೀಳಾಕಿಲ್ಲ. ಒಡಿ ಮಗ. ನಾನು ಆಚೆಯಿಂದ ಆತ್ಕೊಂಡಿರ್ತೀನಿ.”

ಜಗಲಿಯ ಮೇಲೆ ಹೊಸಿಲಿಗೊತ್ತಿ ತಮ್ಮ ಮಣೆ ಹಾಕಿಕೊಂಡು, ಅರೆ ತೆರೆದ ಬಾಗಿಲು ಅಲುಗದ ಹಾಗೆ ಬೆನ್ನು ಕೊಟ್ಟು ಕೂತರು. ನಾನು ಒಳಗಿನಿಂದ ತಟ್ಟೆಯನ್ನು ಎದೆಗೊತ್ತಿ ತಿರುಗಿಸಿದೆ. ಹತ್ತು ಸುತ್ತು. ತೆಗೆ. ಕೆರೆ. ಮೇಣ ಸವರು. ಮತ್ತೆ ಹತ್ತು. ಹೊನ್ನೆಯ ಪುಡಿ ಹಳದಿಯಾಗಿ ಕೈಗೆಲ್ಲ ಮೆತ್ತಿಕೊಂಡಿತು. ಬಳೆ ಎರಡು ಸಲ ವಾಲಿತು, ಬಿಚ್ಚಿ ಕೂರಿಸಿದೆ. ಮೂರು ಹಲ್ಲು ಮಡಚಿಕೊಂಡವು, ಇಕ್ಕಳದಲ್ಲಿ ನೆಟ್ಟಗೆ ಮಾಡಿದೆ. ಎದೆಯ ಮೇಲೆ ತಟ್ಟೆಯ ಅಂಚು ಕೂತ ಕಡೆ ಕೆಂಪಾಗಿ ಉರಿಯಿತು. ಅಳು ಬಂತು, ಕೈ ನಿಲ್ಲಿಸಲಿಲ್ಲ. ಅಳುತ್ತಲೇ ಲೆಕ್ಕ ಹಾಕಿದೆ, ಏಳು, ಎಂಟು, ಒಂಬತ್ತು.

ಬಿಟ್ಟಿನ ಮೂತಿ ಹೊರಗೆ ಕಾಣುವ ಹೊತ್ತಿಗೆ ಅತ್ತೆ ಬೆನ್ನು ಸರಿಸಿ ಕೂಗಿದರು. “ಸಾಕು ನಿಲ್ಸು, ನನ್ ಬೆನ್ನಿಗೇ ಬೀಗ ಆಕ್ಬ್ಯಾಡ!”

ಊಟ ಮಾಡಿ, ನಾನು ಹೊರಗೂ ಅವರು ಒಳಗೂ ಜಾಗ ಬದಲಾಯಿಸಿಕೊಂಡೆವು. ಹೊರಗಿನಿಂದ ಶುರು ಮಾಡಿದಾಗ ಬಳೆಯ ಹಲ್ಲು ಅವರ ಪೆನ್ಸಿಲ್ ಗುರುತಿನ ಸುತ್ತಲೂ ಕಚ್ಚಿತು. ಗುರುತು ನಡುವಿಗೆ ಬರಲಿಲ್ಲ ನಿಜ, ಆದರೆ ಬಳೆಯ ಒಳಗೇ ಇತ್ತು. ಬಿಸಿಲು ಜಗಲಿ ಇಳಿಯುವ ಮೊದಲು ಎರಡು ಕಡೆಯ ಕೊರೆತ ಕೂಡಿಕೊಂಡಿತು. ಡ್ರಿಲ್ ಎಳೆದುಕೊಂಡರೆ ಬಾಗಿಲಿನಲ್ಲಿ ದುಂಡನೆಯ ಬೆಳಕು.

ಕಡಿದ ಮರದ ಬಿಲ್ಲೆ ಬಳೆಯೊಳಗೆ ಗಟ್ಟಿಯಾಗಿ ಕೂತಿತ್ತು. ಮೊಳೆಯಿಂದ ಮೀಟಿ ತೆಗೆದೆ. ನಟ್ಟನಡುವೆ ನಾನು ಕೊರೆದ ಸಣ್ಣ ತೂತು. ಅಂಚಿನ ಹತ್ತಿರ, ಅಳಿಸದೆ, ಅವರ ಅಡ್ಡಗೆರೆ ಉದ್ದಗೆರೆ. ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡರು. ಅವರು ಹೋಗುವವರೆಗೂ ಅದು ಅಲ್ಲೇ ಇತ್ತು. ಈಗ ನನ್ನ ಹತ್ತಿರ ಇದೆ.

ಬಳೆ ಮಾತ್ರ ಮುಗಿದಿತ್ತು. ಹಲ್ಲುಗಳಲ್ಲಿ ಅರ್ಧ ಬೋಳಾಗಿದ್ದವು. ಯಜಮಾನರು ಹೇಳಿದ ನಾಲ್ಕು ತೂತು ಆಗಿತ್ತು.

ಅವತ್ತು ಸಂಜೆಯೇ ಬಾಗಿಲಿಗೆ ಬೀಗ, ಚೌಕಟ್ಟಿಗೆ ಅದರ ಕೊಂಡಿ ಕೂರಿಸಿ ಸ್ಕ್ರೂ ಬಿಗಿದೆ. ಭಾನುವಾರ ಅಣ್ಣ ಟೆಂಪೋ ತಂದ. ನಾನು ಬಾಗಿಲು ಹಾಕಿಕೊಂಡು ಒಳಗೇ ನಿಂತಿದ್ದೆ. ಕಿಟಕಿಯಿಂದ ಕೀಲಿಕೈ ಕೊಟ್ಟು, “ತೆಗಿ ಅಣ್ಣ,” ಅಂದೆ. ಅವನು ತೆಗೆದ. ಮತ್ತೆ ಎಳೆದ, ಬೀಗ ಬಿತ್ತು. ಭುಜ ಕೊಟ್ಟು ತಳ್ಳಿದ. ಬಾಗಿಲು ಅಲುಗಲಿಲ್ಲ. ಮತ್ತೆ ತೆಗೆದು ಒಳಗೆ ಬಂದು ತೂತಿನ ಸುತ್ತ ಬೆರಳಿಟ್ಟು ನೋಡಿದ.

“ಆಚಾರಿ ಬಂದಿದ್ರಾ?”

“ಇಲ್ಲ.”

“ಮತ್ಯಾರು?”

“ಅಳತೆ ನಿನ್ ಭಾವಂದು, ಕೆಲ್ಸ ಇವಳ್ದು,” ಅಂದರು ಅತ್ತೆ. “ಕೂತ್ಕೊಳಪ್ಪ, ಕಾಪಿ ಕುಡಿ. ಟೆಂಪೋ ಬರೀದೇ ವಾಪಸ್ ಓಗ್ಬೇಕಲ್ಲ, ದಣಿವಾಗತ್ತೆ.”

ಅಣ್ಣ ಮುಖ ಗಂಟು ಹಾಕಿಕೊಂಡೇ ಲೋಟ ತೆಗೆದುಕೊಂಡ. ಕಾಫಿ ಮುಗಿದ ಮೇಲೆ, “ಎಷ್ಟು ಗಂಟೆ ಬಸ್ಸು?” ಅಂದ.

“ಐದೂಕಾಲು.”

“ಸ್ವೆಟರ್ ಹಾಕ್ಕೊಂಡು ಹೋಗು,” ಅಂದ.

ಸೋಮವಾರ ಒಂದು ಕೀಲಿಕೈಯನ್ನು ಮಗಳ ಕೊರಳ ದಾರಕ್ಕೆ ಕಟ್ಟಿದೆ, ಒಂದನ್ನು ಅತ್ತೆಯ ದಿಂಬಿನಡಿ ಇಟ್ಟೆ, ಮೂರನೆಯದನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ. ಇಬ್ಬರೂ ಮಲಗಿದ್ದರು. ಯಾರನ್ನೂ ಎಬ್ಬಿಸಲಿಲ್ಲ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನಾಲಿಗೆ ಚೌಕಟ್ಟಿನೊಳಗೆ ಹೋಗಿ ಕೂತ ಸದ್ದು ಕೇಳಿಸಿತು. ಒಂದು ಸಲ ತಳ್ಳಿ ನೋಡಿ, ಬಸ್ಸಿನ ಕಡೆ ನಡೆದೆ.